ಮಳೆ ಸರಾಸರಿ ಲೆಕ್ಕದಲ್ಲಿ ಬರೋದಿಲ್ಲ: ಲಿಂಗಸುಗೂರು ಸೀಮೆಯ ಹೊಲಕ್ಕೊಂದು ಮಳೆ ನೋಟ್‌ಬುಕ್ ಬೇಕು

ಮೇ ತಿಂಗಳು ಮುಗಿಯೋ ಹೊತ್ತಿಗೆ ನಮ್ಮ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ ಓಡಾಡ್ತದೆ: ಈ ವರ್ಷ ಮಳಿ ಹೆಂಗ? ಒಬ್ಬರು ಪಂಚಾಂಗದ ಪುಟದ ಫೋಟೊ ಹಾಕ್ತಾರೆ. ಇನ್ನೊಬ್ಬರು "ಈ ಸಲ ಮುಂಗಾರು ಎಂಟು ದಿನ ಮೊದಲೇ" ಅನ್ನೋ ಟಿವಿ ಸುದ್ದಿ ಹಾಕ್ತಾರೆ. ಮೂರನೆಯವರು ಮೊಬೈಲ್ ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸ್ತಾರೆ, ಅದರಲ್ಲಿ ಮೋಡದ ಚಿತ್ರ, ಕೆಳಗೆ 80 ಪರ್ಸೆಂಟ್. ಇಷ್ಟು ನೋಡಿ ಬೀಜದ ಅಂಗಡಿಗೆ ಹೋಗೋರು ನಮ್ಮಲ್ಲಿ ಕಡಿಮೆ ಏನಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಲಿಂಗಸುಗೂರು, ಮಸ್ಕಿ, ಸಿಂಧನೂರಿನಂಥ ಸೀಮೆಯಲ್ಲಿ "ಈ ವರ್ಷ ಮಳೆ ಹೇಗೆ" ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕರೂ ಅದರಿಂದ ಹೊಲಕ್ಕೆ ಉಪಯೋಗ ಕಡಿಮೆ. ಮುಂಗಾರು ಯಾವತ್ತು ಬಂತು, ವರ್ಷಕ್ಕೆ ಒಟ್ಟು ಎಷ್ಟಾಯ್ತು ಅನ್ನೋದು ನಮ್ಮ ಬೆಳೆಯನ್ನು ತೀರ್ಮಾನ ಮಾಡೋದಿಲ್ಲ. ಎರಡು ಮಳೆಗಳ ನಡುವೆ ಎಷ್ಟು ದಿನ ಗ್ಯಾಪ್ ಬಿತ್ತು, ನಿಮ್ಮ ಹೊಲದಲ್ಲಿ ಎಷ್ಟು ಆಳಕ್ಕೆ ಹಸಿ ಇಳಿಯಿತು, ತೀರ್ಮಾನ ಮಾಡೋದು ಇವೆರಡೇ. ಇವು ಪಂಚಾಂಗದಲ್ಲೂ ಇರಲ್ಲ, ಆ್ಯಪ್‌ನಲ್ಲೂ ಇರಲ್ಲ. ನೀವೇ ಅಳೆದು ಬರೆದಿಡಬೇಕು.

ಮುಂಗಾರು ಬೇಗ ಬಂದರೆ ವರ್ಷ ಚೊಲೊ ಅಂತ ನಂಬಿರೋರು 2009 ಅನ್ನು ನೆನಪು ಮಾಡ್ಕೊಳ್ಳಿ. ಆ ವರ್ಷ ಮುಂಗಾರು ಮೇ 23ಕ್ಕೇ ಕೇರಳ ಮುಟ್ಟಿತ್ತು, ವಾಡಿಕೆಗಿಂತ ಒಂದು ವಾರಕ್ಕೂ ಮೊದಲು. ಆಮೇಲೆ ಏನಾಯ್ತು? ದೇಶದ ಮುಂಗಾರು ಮಳೆ ಶೇ 22ರಷ್ಟು ಕೊರತೆಯಾಗಿ ಬರಗಾಲದ ವರ್ಷ ಅನ್ನಿಸಿಕೊಂಡಿತು. ಅದೇ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ರಾಯಚೂರು ಸೇರಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಬಿದ್ದ ಮಳೆಗೆ ಮನೆ ಕುಸಿದವು, ಹೊಲ ಕೊಚ್ಚಿ ಹೋದವು, ಊರಿಗೆ ಊರೇ ಬೇರೆ ಕಡೆ ಸ್ಥಳಾಂತರ ಮಾಡೋ ಪ್ರಸಂಗ ಬಂತು. ಬೇಗ ಬಂದ ಮುಂಗಾರು, ಬರ, ನೆರೆ, ಮೂರೂ ಒಂದೇ ವರ್ಷದಲ್ಲಿ. ಈಗ ಆ ವರ್ಷದ ಮಳೆ "ಸರಾಸರಿ" ತೆಗೆದು ನೋಡಿದರೆ ಏನು ಗೊತ್ತಾಗ್ತದೆ ಹೇಳ್ರಿ?

2023 ಇನ್ನೊಂದು ತರಹ. ಮುಂಗಾರು ಜೂನ್ 8ಕ್ಕೆ ತಡವಾಗಿ ಕೇರಳ ಮುಟ್ಟಿತು, ಜುಲೈನಲ್ಲಿ ಚೆನ್ನಾಗಿ ಸುರಿಯಿತು, ಜನ ಧೈರ್ಯ ಮಾಡಿ ಬಿತ್ತಿದರು. ಆಗಸ್ಟ್ ಒಣಗಿತು. ದೇಶದ ಮಟ್ಟಿಗೆ 1901ರಿಂದೀಚೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಕೊನೆಗೆ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಬೇಕಾಯ್ತು. 2025ರ ಕತೆ ಇನ್ನೂ ತಾಜಾ ಇದೆ: ಮೇ 24ಕ್ಕೆ ಮುಂಗಾರು ಕೇರಳಕ್ಕೆ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಎರಡೇ ದಿನಕ್ಕೆ ಕರ್ನಾಟಕದೊಳಗೆ ನುಗ್ಗಿತು. ಮೇ ಕೊನೆಗೆ ಇದ್ದಕ್ಕಿದ್ದಂಗೆ ನಿಂತಿತು, ಜೂನ್ ಮಧ್ಯದವರೆಗೆ ಮುಂದೆ ಸರಿಯಲೇ ಇಲ್ಲ. ಮೇ ತಿಂಗಳ ಮಳೆ ನೋಡಿ ಅವಸರ ಮಾಡಿ ಬೀಜ ಹಾಕಿದವರಿಗೆ ಆ ಹದಿನೈದು-ಇಪ್ಪತ್ತು ದಿನದ ಗ್ಯಾಪ್ ಎಂಥದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಸೀಮೆ ಯಾಕೆ ಹಿಂಗ?

ಪಶ್ಚಿಮದಿಂದ ಬರೋ ಮುಂಗಾರು ಮೋಡ ತನ್ನ ನೀರನ್ನೆಲ್ಲ ಘಟ್ಟದ ಮೇಲೆ ಸುರಿದು ಹಗುರಾಗಿ ನಮ್ಮ ಕಡೆ ಬರ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮಳೆ, ನಮ್ಮಲ್ಲಿ 600 ಮಿ.ಮೀ. ಆಸುಪಾಸು. ಜೂನ್-ಜುಲೈನಲ್ಲಿ ನಮ್ಮ ಹೊಲದ ಮೇಲೆ ಮೋಡ ದಿನಾ ಓಡ್ತಿರ್ತದೆ, ಗಾಳಿ ಭರ್ರನೆ ಬೀಸ್ತಿರ್ತದೆ, ನೆಲ ಮಾತ್ರ ನೆನೆಯೋದಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದಾಗ ಒಂದಿಷ್ಟು ಒಳ್ಳೆ ಮಳೆ. ಗಾಳಿಯ ಜೋರು ಇಳಿದ ಮೇಲೆ, ಸೆಪ್ಟೆಂಬರ್‌ನಲ್ಲಿ, ಸಂಜೆ ಗುಡುಗು ಸಹಿತ ಬೀಳೋ ಮಳೆಯೇ ನಮಗೆ ನಿಜವಾದ ಆಧಾರ. ರಾಯಚೂರು ಜಿಲ್ಲೆಯಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಬೀಳೋ ತಿಂಗಳು ಸೆಪ್ಟೆಂಬರ್, ಜೂನೂ ಅಲ್ಲ ಜುಲೈಯೂ ಅಲ್ಲ. ಹಿರಿಯರ ಲೆಕ್ಕದಲ್ಲಿ ಹೇಳೋದಾದರೆ ಹುಬ್ಬಿ, ಉತ್ರಿ, ಹಸ್ತಿ.

ಇದನ್ನು ಬರೀ ಮಾಹಿತಿ ಅಂತ ಓದಿ ಬಿಡಬೇಡಿ. ಬೀಜ, ಗೊಬ್ಬರ, ಸಾಲ, ದುಡಿಮೆ ಎಲ್ಲವನ್ನೂ ನಾವು ಜೂನ್ ಮೇಲೆ ಸುರಿಯೋದು, ಮಳೆ ಬರೋದು ಸೆಪ್ಟೆಂಬರ್‌ಗೆ. ಕೃಷಿ ವಲಯದ ನಕ್ಷೆಯಲ್ಲಿ ಲಿಂಗಸುಗೂರು, ಸಿಂಧನೂರು ಇರೋದು ಉತ್ತರದ ಒಣ ವಲಯದಲ್ಲಿ, ವಿಜಯಪುರ-ಬಾಗಲಕೋಟೆ-ಕೊಪ್ಪಳದ ಜೊತೆ. ಇದೇ ಜಿಲ್ಲೆಯ ರಾಯಚೂರು, ಮಾನ್ವಿ, ದೇವದುರ್ಗ ಬೇರೆ ವಲಯ, ಈಶಾನ್ಯ ಒಣ ವಲಯ. ಅಂದರೆ "ರಾಯಚೂರು ಜಿಲ್ಲೆಗೆ ಶಿಫಾರಸು" ಅಂತ ಬಂದದ್ದನ್ನೂ ಕಣ್ಮುಚ್ಚಿ ತಗೊಳ್ಳೋ ಹಂಗಿಲ್ಲ.

ತಾಲೂಕಿನ ಒಳಗೂ ಒಂದೇ ತರಹ ಇಲ್ಲ. ಮುದಗಲ್ ಕಡೆ ಒಂದು ಸಂಜೆ ಹಳ್ಳ ಹರಿದಿರ್ತದೆ, ಗುರುಗುಂಟಾ ಕಡೆ ಧೂಳು ಹಾರ್ತಿರ್ತದೆ. ಒಂದೇ ಊರಲ್ಲಿ ರಸ್ತೆಯ ಆ ಕಡೆ ಕುಂಟಿ ಹೊಡೆಯೋಕೆ ಆಗದಷ್ಟು ಹಸಿ, ಈ ಕಡೆ ಹೊಲದಲ್ಲಿ ಬಿರುಕು. ಇದರ ಮೇಲೆ ಮಣ್ಣಿನ ಭೇದ. ಎರಿ ಹೊಲ ನೆನೆಯೋಕೆ ಬಹಳ ನೀರು ಕೇಳ್ತದೆ, ಒಮ್ಮೆ ನೆನೆದರೆ ತಿಂಗಳಾನುಗಟ್ಟಲೆ ಬೆಳೆಗೆ ಹಸಿ ಕೊಡ್ತದೆ. ಮಸಾರಿ ಸಣ್ಣ ಮಳೆಗೇ ನೆನೀತದೆ, ಎಂಟು-ಹತ್ತು ದಿನ ಮಳೆ ಇಲ್ಲದಿದ್ದರೆ ಒಣಗಿ ಬೆಳೆ ಬಾಡಿಸ್ತದೆ. ಒಂದೇ 20 ಮಿ.ಮೀ. ಮಳೆ ಮಸಾರಿಗೆ ಬಿತ್ತನೆ ಮಳೆ ಅನ್ನಿಸಬಹುದು, ಬೇಸಿಗೆಯಲ್ಲಿ ಬಾಯಿಬಿಟ್ಟ ಎರಿಗೆ ಬರೀ ನಾಲಿಗೆ ತೋಯಿಸಿದಷ್ಟು. ಹಾಗಿದ್ದಾಗ ತಾಲೂಕಿನ ಸರಾಸರಿ ಯಾರ ಹೊಲದ ಮಳೆ? ಯಾರದ್ದೂ ಅಲ್ಲ.

ಆ 80 ಪರ್ಸೆಂಟ್ ಅಂದರೆ ಏನು

ಆ್ಯಪ್ ಬೈಯೋದು ನನ್ನ ಉದ್ದೇಶ ಅಲ್ಲ. ಅದು ಹೇಳೋದೇ ಒಂದು, ನಾವು ತಿಳ್ಕೊಳ್ಳೋದೇ ಇನ್ನೊಂದು ಆಗಿದೆ. 80 ಪರ್ಸೆಂಟ್ ಅಂದರೆ 80 ಮಿ.ಮೀ. ಅಲ್ಲ, ಊರಿನ ಶೇ 80 ಭಾಗಕ್ಕೆ ಮಳೆ ಅಂತಲೂ ಅಲ್ಲ. ಇಂಥದ್ದೇ ಹವೆ ಇರೋ ಹತ್ತು ದಿನ ತಗೊಂಡರೆ ಎಂಟು ದಿನ ಒಂದಿಷ್ಟಾದರೂ ಮಳೆ ಬೀಳೋ ಸಂಭವ, ಅಷ್ಟೇ. ಆ "ಒಂದಿಷ್ಟು" ನಾಲ್ಕು ಹನಿ ಆಗಿರಬಹುದು. ಅದಕ್ಕೇ ಪರ್ಸೆಂಟ್ ಜೊತೆ ಎಷ್ಟು ಮಿ.ಮೀ. ಅಂತ ಕೊಟ್ಟಿದ್ದಾರಾ ನೋಡಿ.

ಇನ್ನೊಂದು ಸಂಗತಿ. ಈ ಆ್ಯಪ್‌ಗಳ ಹಿಂದೆ ಇರೋ ಕಂಪ್ಯೂಟರ್ ಲೆಕ್ಕ ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ ನೋಡ್ತದೆ. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರೋ ಮಾದರಿಗಳಲ್ಲಿ ಒಂದು ಚೌಕ 9ರಿಂದ 13 ಕಿ.ಮೀ. ಅಗಲ. ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಶುರು ಮಾಡಿದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ 6 ಕಿ.ಮೀ. ಇದು ದೊಡ್ಡ ಸುಧಾರಣೆಯೇ. ಆದರೂ ಸಂಜೆ ಗುಡುಗಿನ ಮೋಡವೊಂದು ಎರಡು ಊರಿಗೆ ಮಳೆ ಕೊಟ್ಟು ಮೂರನೆಯದನ್ನು ಬಿಟ್ಟು ಹೋಗೋದನ್ನು ಆ ಚೌಕ ಹಿಡಿಯೋದು ಕಷ್ಟ. ಎರಡು-ಮೂರು ದಿನ ಮುಂದಿನ ಮುನ್ಸೂಚನೆ ನೋಡಿ ಔಷಧಿ ಹೊಡೆಯೋದು, ಗೊಬ್ಬರ ಹಾಕೋದು, ರಾಶಿ ಮಾಡೋದು ಹಿಂದೆ ಮುಂದೆ ಮಾಡಬಹುದು, ಮಾಡಲೇಬೇಕು. ಹತ್ತು-ಹದಿನೈದು ದಿನ ಮುಂದಿನ ಮೋಡದ ಚಿತ್ರ ನೋಡಿ ಬೀಜ ತರೋದು ಮಾತ್ರ ಜೂಜು.

ಸರ್ಕಾರಿ ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಕೃಷಿ ಸಲಹೆ ಬರ್ತದೆ, ಕನ್ನಡದಲ್ಲೇ ಬರ್ತದೆ. ಅದನ್ನು ನೋಡೋ ರೂಢಿ ಇಟ್ಕೊಳ್ಳಿ. ಜಿಲ್ಲೆ ಮಟ್ಟದಲ್ಲಿ ಇಂಥ ಸಲಹೆ ಕೊಡಲಿಕ್ಕೆ ಅಂತಲೇ ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ 199 ಹವಾಮಾನ ಘಟಕ ತೆರೆದಿದ್ದರು, 2024ರಲ್ಲಿ ಅವನ್ನು ಮುಚ್ಚಿದರು. ರೈತನಿಗೆ ಹವೆಯ ಮಾಹಿತಿ ಹಿಂದೆಂದಿಗಿಂತ ಹೆಚ್ಚು ಬೇಕಾದ ಕಾಲದಲ್ಲಿ ಆ ಬಾಗಿಲು ಹಾಕಿದ್ದು ಸರಿಯಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಮೇ ಮತ್ತು ಅಕ್ಟೋಬರ್‌ನಲ್ಲಿ ಸಿಡಿಲಿನ ಹಾವಳಿ ನಮ್ಮಲ್ಲಿ ಜಾಸ್ತಿ. ದಾಮಿನಿ ಆ್ಯಪ್ ನೀವಿರೋ ಜಾಗದ ಸುತ್ತ ಸಿಡಿಲಿನ ಎಚ್ಚರಿಕೆ ಕೊಡ್ತದೆ, ಕುರಿ ಮೇಯಿಸೋ ತಮ್ಮಂದಿರ ಮೊಬೈಲ್‌ನಲ್ಲಿ ಮೊದಲು ಅದನ್ನು ಹಾಕಿಸಿ.

ಪಂಚಾಂಗದ ಮಾತಿಗೆ ಬರೋಣ. ಮಿರಗ, ಆರಿದ್ರಿ, ಪುಷ್ಯ, ಮಘಿ ಇವೆಲ್ಲ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಅನ್ನೋದರ ಲೆಕ್ಕ, ಒಂದೊಂದಕ್ಕೆ 13-14 ದಿನ. ಇಂಗ್ಲಿಷ್ ತಿಂಗಳು ಗೊತ್ತಿಲ್ಲದ ಕಾಲದಲ್ಲಿ ಇದು ಅದ್ಭುತ ಕ್ಯಾಲೆಂಡರ್, ಈಗಲೂ ಮುತ್ಯಾನ ಜೊತೆ ಹೊಲದ ಮಾತಾಡಬೇಕಾದರೆ ಈ ಹೆಸರುಗಳೇ ಬೇಕು. ಮಿರಗ ಕೂಡಿದರೆ ಜೂನ್ 7-8 ಅಂತ ಗೊತ್ತಾಗ್ತದೆ. ಆದರೆ ಮಿರಗ ಕೂಡಿತು ಅಂದರೆ ಮಳೆ ಬಂತು ಅಂತ ಅಲ್ಲ. (ಈ ನಕ್ಷತ್ರದ ದಿನಾಂಕಗಳು ಋತುವಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದೆ ಜಾರ್ತವೆ, ಸಾವಿರ ವರ್ಷಕ್ಕೆ ಎರಡು ವಾರ. ಹಳೇ ಕಾಲದ ಮಿರಗದ ಹವೆಯೇ ಬೇರೆ ಇತ್ತು ಅಂತ ಆಯ್ತಲ್ಲ!) ನಾನು ಹೇಳೋದು ಇಷ್ಟು: ಹೆಸರು ಉಳಿಸಿಕೊಳ್ಳಿ, ನೋಟ್‌ಬುಕ್‌ನಲ್ಲಿ ದಿನಾಂಕದ ಪಕ್ಕ ನಕ್ಷತ್ರವನ್ನೂ ಬರೀರಿ. ಭವಿಷ್ಯ ಅಂತ ಮಾತ್ರ ಓದಬೇಡಿ.

ಡಬ್ಬಿ, ಸ್ಕೇಲು, ನೋಟ್‌ಬುಕ್

ಮಳೆ ಅಳೆಯೋಕೆ ದೊಡ್ಡ ಯಂತ್ರ ಬೇಡ. ಮಳೆಮಾಪಕ ಕೊಂಡರೆ ಒಳ್ಳೇದು, ಇಲ್ಲದಿದ್ದರೆ ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರೋ ಡಬ್ಬಿ ಸಾಕು. ಬಕೆಟ್‌ನಂಗೆ ಮೇಲೆ ಅಗಲ, ಕೆಳಗೆ ಸಣ್ಣ ಇರೋದು ನಡೆಯಲ್ಲ, ಲೆಕ್ಕ ತಪ್ಪಾಗ್ತದೆ. ಗಿಡ, ಗೋಡೆ, ವೈರ್ ಮೇಲಿಲ್ಲದ ಬಯಲು ಜಾಗದಲ್ಲಿ ಗೂಟಕ್ಕೆ ಗಟ್ಟಿಯಾಗಿ ಕಟ್ಟಿ, ಬಾಯಿ ಸಮನಾಗಿರಲಿ. ದಿನಾ ಬೆಳಿಗ್ಗೆ 8.30ಕ್ಕೆ ಸ್ಕೇಲು ಇಳಿಸಿ ಎಷ್ಟು ಮಿಲಿಮೀಟರ್ ನೀರು ನಿಂತಿದೆ ನೋಡಿ, ಬರೀರಿ, ಚೆಲ್ಲಿರಿ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಲೆಕ್ಕ ಹಾಕೋದು ಬೆಳಿಗ್ಗೆ 8.30ರಿಂದ ಮರುದಿನ 8.30ಕ್ಕೆ. ಸಮಯ ಒಂದೇ ಆದರೆ ಹೋಲಿಸಿ ನೋಡಬಹುದು. ಮಳೆ ಇಲ್ಲದ ದಿನ ಸೊನ್ನೆ ಬರೆಯೋದನ್ನು ಬಿಡಬೇಡಿ. ನಮ್ಮ ಸೀಮೆಯಲ್ಲಿ ಆ ಸೊನ್ನೆಗಳ ಸಾಲಿಗೇ ಹೆಚ್ಚು ಬೆಲೆ.

ಸಂಖ್ಯೆಗೆ ಅರ್ಥ ಬರಬೇಕಾದರೆ ಒಂದು ಲೆಕ್ಕ ತಲೆಯಲ್ಲಿರಲಿ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್ ನೀರು. 20 ಮಿ.ಮೀ. ಅಂದರೆ 80 ಸಾವಿರ ಲೀಟರ್, ಐದು ಸಾವಿರ ಲೀಟರಿನ ಟ್ಯಾಂಕರ್ 16. ಅದನ್ನು ಒಡ್ಡಿನಲ್ಲಿ ನಿಲ್ಲಿಸಿಕೊಂಡಿರಾ, ಹಳ್ಳಕ್ಕೆ ಬಿಟ್ಟಿರಾ? ಇಲಾಖೆಯ ಪ್ರಕಾರ 2.5 ಮಿ.ಮೀ. ಬಿದ್ದರೆ ಮಾತ್ರ ಅದು "ಮಳೆ ದಿನ". ಅಂಥ ದಿನ ನಮ್ಮ ಕಡೆ ವರ್ಷಕ್ಕೆ ನಲವತ್ತರ ಆಸುಪಾಸು. ಒಂದೇ ದಿನದಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ.

ಇದು ಹುಡುಗಾಟದ ಕೆಲಸ ಅನ್ನಿಸಿದರೆ ಅಮೆರಿಕದ ಒಂದು ಉದಾಹರಣೆ ಕೇಳಿ. 1997ರ ಜುಲೈನಲ್ಲಿ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ಅನ್ನೋ ಊರಿಗೆ ಹಠಾತ್ ನೆರೆ ಬಂತು. ಊರಿನ ಒಂದು ಮಗ್ಗುಲಿಗೆ 250 ಮಿ.ಮೀ.ಗೂ ಹೆಚ್ಚು ಮಳೆ, ಕೆಲವೇ ಮೈಲಿ ದೂರದ ಇನ್ನೊಂದು ಮಗ್ಗುಲಿಗೆ ಅದರ ಕಾಲುಭಾಗವೂ ಇಲ್ಲ. ಇದ್ದ ಬೆರಳೆಣಿಕೆ ಮಾಪಕಗಳಿಂದ ಏನಾಗ್ತಿದೆ ಅಂತಲೇ ಗೊತ್ತಾಗಲಿಲ್ಲ. ಮರುವರ್ಷ ಅಲ್ಲಿನ ವಿಶ್ವವಿದ್ಯಾಲಯದವರು ಸಾಮಾನ್ಯ ಜನರ ಕೈಗೆ ಮಳೆಮಾಪಕ ಕೊಟ್ಟು ದಿನಾ ಬೆಳಿಗ್ಗೆ ಅಳೆದು ಕಳಿಸಿ ಅಂದರು. ಕೊಕೊರಾಸ್ ಅನ್ನೋ ಆ ಜಾಲ ಈಗ ಆ ದೇಶದ ತುಂಬ ಹರಡಿದೆ. ಮೆಕ್ಕೆಜೋಳ ಬೆಳೆಯೋ ಅಯೋವಾ, ಇಲಿನಾಯ್ಸ್ ಕಡೆಯವರೂ ತಮ್ಮ ಮನೆಯ ಹಿತ್ತಲಿನ ಮಳೆ ಬರೆದು ಕಳಿಸ್ತಾರೆ. ಅವರಿಗೆ ವರ್ಷದ ಹನ್ನೆರಡೂ ತಿಂಗಳು ಮಳೆಯೋ ಹಿಮವೋ ಬೀಳ್ತದೆ. ನಾಲ್ಕೈದು ತಿಂಗಳ ಮಳೆ ಮೇಲೆ ವರ್ಷ ತೆಗೆಯೋ ನಾವು ಬರೀದೇ ಕೂತೀವಿ.

ನಮ್ಮಲ್ಲಿ ಸೌಲಭ್ಯ ಇಲ್ಲ ಅಂತಲ್ಲ. 1988ರಲ್ಲಿ ಬರ ಪರಿಶೀಲನಾ ಕೋಶ ಅಂತ ಶುರುವಾಗಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಆಗಿರೋ ಸಂಸ್ಥೆ ರಾಜ್ಯದಲ್ಲಿ 6 ಸಾವಿರಕ್ಕೂ ಹೆಚ್ಚು ತಾನಾಗಿಯೇ ಅಳೆಯೋ ಮಳೆಮಾಪಕ ಇಟ್ಟಿದೆ, ಗ್ರಾಮ ಪಂಚಾಯಿತಿಗೊಂದರಂತೆ. 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸ್ತದೆ. ಅವರ ವರುಣ ಮಿತ್ರ ಸಹಾಯವಾಣಿಗೆ (92433 45433) ಯಾವ ಹೊತ್ತಿಗೆ ಫೋನ್ ಮಾಡಿದರೂ ನಿಮ್ಮ ಊರಿನ ಹೆಸರು ಕೇಳಿ ಮುನ್ಸೂಚನೆ ಹೇಳ್ತಾರೆ. ದೇಶದ ಎಷ್ಟೋ ರಾಜ್ಯಗಳಲ್ಲಿ ಇಂಥ ವ್ಯವಸ್ಥೆ ಇಲ್ಲ. ಹಾಗಿದ್ದೂ ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ ಅಂತ ನಿಮಗೆ ಗೊತ್ತಾ? ಅದರ ಮೇಲೆ ಬೇವಿನ ಟೊಂಗೆ ಬಾಗಿದೆಯಾ, ಅದರ ಬಾಯಲ್ಲಿ ಎಲೆ ತುಂಬಿದೆಯಾ ಅಂತ ಯಾರಾದರೂ ನೋಡಿದ್ದೀರಾ?

ಬಿತ್ತೋ ಮುಂಚೆ ಒಂದು ಗೇಣು ಅಗೆಯಿರಿ

ನೋಟ್‌ಬುಕ್ ಒಂದೇ ಸಾಲದು. ಬಿತ್ತೋ ತೀರ್ಮಾನಕ್ಕೆ ಗುದ್ದಲಿಯೂ ಬೇಕು. ಮಳೆ ಬಂದ ಮರುದಿನ ಹೊಲದ ಮೂರ್ನಾಲ್ಕು ಕಡೆ ಒಂದು ಗೇಣು ಅಗೆದು ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡೀರಿ. ಉಂಡೆ ಕಟ್ಟಬೇಕು, ಸೊಂಟದೆತ್ತರದಿಂದ ಬಿಟ್ಟರೆ ಒಡೀಬೇಕು. ಉಂಡೆಯೇ ಕಟ್ಟದಿದ್ದರೆ ಹಸಿ ಇಲ್ಲ, ಕೂರಿಗೆ ಕಟ್ಟಬೇಡಿ. ಕೈಗೆ ಅಂಟಿಕೊಂಡರೆ ಹಸಿ ಹೆಚ್ಚು, ಒಂದೆರಡು ದಿನ ತಡೀರಿ. ಮೇಲಿನ ನಾಲ್ಕು ಬೆರಳು ಮಾತ್ರ ನೆನೆದು ಕೆಳಗೆ ಒಣಗಿದ್ದರೆ ಅದೇ ಮಹಾ ಮೋಸ: ಬೀಜ ಮೊಳೀತದೆ, ಬೇರು ಇಳಿಯೋಕೆ ಜಾಗ ಸಿಗಲ್ಲ, ವಾರಕ್ಕೆ ಸಾಲು ಸಾಲೇ ಕಮರ್ತದೆ. ಮಳೆಗೆ ಮುಂಚೆ ಒಣ ಮಣ್ಣಲ್ಲಿ ಹತ್ತಿ ಊರಿಬಿಡೋ ರೂಢಿಗೂ ಇದೇ ಅಪಾಯ. 10 ಮಿ.ಮೀ. ಬಂದು ನಿಂತರೆ ಬೀಜ ಹೋದಂಗೆ.

ಬಿಟಿ ಹತ್ತಿ ಪಾಕೀಟಿಗೆ 2025ರ ಹಂಗಾಮಿಗೆ ಸರ್ಕಾರ ಕಟ್ಟಿದ ಗರಿಷ್ಠ ದರ 901 ರೂಪಾಯಿ. ಎಕರೆಗೆ ಎರಡು ಪಾಕೀಟು ಅಂದರೂ 1,800 ದಾಟ್ತದೆ. ಐದು ಎಕರೆ ಮರುಬಿತ್ತನೆ ಅಂದರೆ ಬರೀ ಬೀಜಕ್ಕೇ ಒಂಬತ್ತು ಸಾವಿರ, ಟ್ರ್ಯಾಕ್ಟರ್ ಬಾಡಿಗೆ, ಕೂಲಿ, ಗೊಬ್ಬರ ಬೇರೆ. ಈ ದುಡ್ಡು ಬಹಳ ಮಂದಿಗೆ ದಲ್ಲಾಳಿ ಅಂಗಡಿಯಿಂದ ಬರ್ತದೆ. ಹತ್ತಿ ಅದೇ ಅಂಗಡಿಗೇ ಹೋಗಬೇಕು ಅನ್ನೋ ಕರಾರೂ ಅದರ ಜೊತೆಗೇ ಬರ್ತದೆ.

ಹಾಗಂತ ಎಲ್ಲರೂ ಸೆಪ್ಟೆಂಬರ್ ತನಕ ಕೈಕಟ್ಟಿ ಕೂಡ್ರಿ ಅಂತ ನಾನು ಹೇಳ್ತಿಲ್ಲ. ಮಸಾರಿಯಲ್ಲಿ ಸಜ್ಜೆ-ತೊಗರಿ ಅಕ್ಕಡಿ ಹಿರಿಯರು ಸುಮ್ಮನೆ ಮಾಡಿದ್ದಲ್ಲ. ಎರಡು ಸಾಲು ಸಜ್ಜೆಗೆ ಒಂದು ಸಾಲು ತೊಗರಿ ಅಂತ ವಿಜ್ಞಾನಿಗಳೂ ಅದನ್ನೇ ಹೇಳ್ತಾರೆ. ಮಳೆ ಮುಂದೆ ಕೈಕೊಟ್ಟರೂ ಸಜ್ಜೆ ಅಷ್ಟೊತ್ತಿಗೆ ಕೈಗೆ ಬಂದಿರ್ತದೆ, ತೊಗರಿ ತಡೆದುಕೊಂಡು ಸೆಪ್ಟೆಂಬರ್ ಮಳೆ ಹಿಡೀತದೆ. ಎರಿಯಲ್ಲಿ ಜೂನ್‌ಗೇ ಗೇಣು ಹಸಿ ಸಿಕ್ಕರೆ ಹೆಸರು ಹಾಕಿ, ಅದು ಎರಡು ತಿಂಗಳ ಬೆಳೆ, ತೆಗೆದು ಹಿಂಗಾರಿ ಜೋಳಕ್ಕೆ ಹೊಲ ಮಾಡಬಹುದು. ಜುಲೈ ದಾಟಿದರೂ ಹಸಿ ಸಿಗದಿದ್ದರೆ ತೊಗರಿಗೆ ಹಟ ಮಾಡಬೇಡಿ, ತಡ ಆದಷ್ಟೂ ಇಳುವರಿ ಬೀಳ್ತದೆ. ಒಳ್ಳೆ ಎರಿ ಇದ್ದವರು ಮುಂಗಾರಿಯಲ್ಲಿ ಅರ್ಧ ಹೊಲವನ್ನಾದರೂ ಖಾಲಿ ಬಿಟ್ಟು, ಚೌಕು ಮಡಿ ಮಾಡಿ, ಬಿದ್ದ ಹನಿಯನ್ನೆಲ್ಲ ಇಂಗಿಸಿ, ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಬಿಳಿಜೋಳ ಇಲ್ಲವೇ ಅಕ್ಟೋಬರ್‌ನಲ್ಲಿ ಕಡಲೆ ಹಾಕೋದು ನನ್ನ ಪ್ರಕಾರ ನಮ್ಮ ಹವೆಗೆ ಹೆಚ್ಚು ಒಪ್ಪೋ ದಾರಿ. ಇದು ಹೊಸದೇನಲ್ಲ. 1930ರ ದಶಕದಲ್ಲಿ ದೇಶದಲ್ಲಿ ಒಣಬೇಸಾಯಕ್ಕೆ ಅಂತ ತೆರೆದ ಐದು ಸಂಶೋಧನಾ ಕೇಂದ್ರಗಳಲ್ಲಿ ಸೋಲಾಪುರ, ವಿಜಯಪುರ, ಹಗರಿ ಜೊತೆ ರಾಯಚೂರೂ ಒಂದು. ಬಿದ್ದ ಮಳೆಯನ್ನು ಬಿದ್ದ ಹೊಲದಲ್ಲೇ ಹಿಡೀರಿ ಅನ್ನೋದೇ ಆಗಿನಿಂದಲೂ ಅಲ್ಲಿನವರ ಮಾತು.

"ಅರ್ಧ ಹೊಲ ಖಾಲಿ ಬಿಟ್ಟರೆ ಉಣ್ಣೋದೇನಣ್ಣ?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಹೊಲ ಲಾವಣಿಗೆ ಹಿಡಿದು ಯುಗಾದಿಗೇ ದುಡ್ಡು ಕಟ್ಟಿದವನಿಗೆ ಖಾಲಿ ಬಿಡೋ ಧೈರ್ಯ ಎಲ್ಲಿಂದ ಬರಬೇಕು? ಒಂದು ಬೆಳೆ ಹೋದರೆ ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ ಗುಳೆ ಹೋಗೋ ಮನೆಗಳು ನಮ್ಮ ತಾಂಡಾ, ಹಳ್ಳಿಗಳಲ್ಲಿ ಎಷ್ಟಿಲ್ಲ? ಅಂಥವರಿಗೆ ಖಾಲಿ ಬಿಡಿ ಅನ್ನೋ ಸಲಹೆ ಕೊಡೋದು ಸುಲಭ, ನಡೆಸೋದು ಕಷ್ಟ. ಅವರಿಗೆ ನಾನು ಹೇಳೋದು ಬೀಜದ ಖರ್ಚು ಕಡಿಮೆ ಇರೋ ಸಜ್ಜೆ, ಹೆಸರು, ಎಳ್ಳಿನ ಕಡೆ ತಿರುಗಿ ಅಂತ, ಮೊದಲ ಮಳೆಗೆ ದುಬಾರಿ ಪಾಕೀಟು ಒಡೀಬೇಡಿ ಅಂತ. ಸ್ವಂತ ಹತ್ತು ಎಕರೆ ಎರಿ ಇದ್ದೂ ಪಕ್ಕದ ಹೊಲದವ ಬಿತ್ತಿದ ಅಂತ ತಾನೂ ಬಿತ್ತೋರ ಮೇಲೆ ನನಗೆ ಅಷ್ಟು ಕನಿಕರ ಇಲ್ಲ.

ಕಾಲುವೆ ಇದ್ದವರಿಗೆ ಈ ಗೋಳು ಬೇಡ ಅಂತ ಸಿಂಧನೂರು ಕಡೆಯ ಭತ್ತದ ಗೆಳೆಯರು ನಗಬಹುದು. ನಗೋ ಕಾಲ ಹೋಯ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರೋದು ಮಲೆನಾಡಿನ ಮಳೆಯಿಂದ, ನಾರಾಯಣಪುರ ಬಲದಂಡೆಯದು ಮಹಾರಾಷ್ಟ್ರದ ಘಟ್ಟದಿಂದ. 2023ರಂಥ ವರ್ಷ ಅಲ್ಲೂ ಮಳೆ ಕೈಕೊಟ್ಟರೆ ಎರಡನೇ ಬೆಳೆ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಬಿದ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಸರಪಳಿ ಕಡಿದು ನೀರು ಹೊಳೆಗೆ ಹೋದದ್ದನ್ನು ಮೊಬೈಲ್‌ನಲ್ಲಿ ಎಲ್ಲರೂ ನೋಡಿದ್ದೀವಿ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಜನ ಸಿಕ್ಕಿಬಿದ್ದಾಗ ಆ ನೀರೂ ನಮ್ಮ ಮಳೆಯದಲ್ಲ. ಕಾಲುವೆಯವರು ತಮ್ಮ ಹೊಲದ ಮಳೆ ಜೊತೆ ಡ್ಯಾಮಿನ ಒಳಹರಿವನ್ನೂ ದಿನಾ ಬರೆದಿಡೋದು ಒಳ್ಳೇದು.

ಚಳಿಗಾಲದ ಬಗ್ಗೆ ಒಂದೇ ಮಾತು. ನವೆಂಬರ್-ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದಿಂದ ಮೂರ್ನಾಲ್ಕು ದಿನ ಮೋಡ ಮುಸುಕಿದರೆ ಮಳೆ ಬೀಳದಿದ್ದರೂ ಬರೆದಿಡಿ. ತೊಗರಿ ಹೂ-ಕಾಯಿ ಹಂತದಲ್ಲಿ ಅಂಥ ಹವೆಗೆ ಕಾಯಿಕೊರಕ ಏರ್ತದೆ, ಆ ವಾರ ಹೊಲ ತಿರುಗಿ ನೋಡಲೇಬೇಕು.

ವಿಮೆಗೂ ಇದೇ ಲೆಕ್ಕ

ಇಷ್ಟೆಲ್ಲ ಬರೆದು ಏನು ಮಾಡೋದು ಅಂದರೆ, ದುಡ್ಡಿನ ವಿಷಯವೇ ಇದೆ. ಫಸಲ್ ಬಿಮಾದಲ್ಲಿ ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಘಟಕ. ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5 ರೈತನ ಕಂತು. ಮಳೆ ಇಲ್ಲದೆ ಘಟಕದ ಶೇ 75ಕ್ಕೂ ಹೆಚ್ಚು ಪ್ರದೇಶ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇ 25 ಕೊಡೋ ಅವಕಾಶ ಇದೆ. ಅದಕ್ಕೆ ಆಧಾರಗಳಲ್ಲಿ ಮಳೆ ಅಂಕಿಅಂಶವೂ ಒಂದು. ತೋಟಗಾರಿಕೆ ಬೆಳೆಗಳ ಹವಾಮಾನ ಆಧಾರಿತ ವಿಮೆಯಲ್ಲಂತೂ ಪರಿಹಾರ ತೀರ್ಮಾನ ಆಗೋದೇ ಹವಾಮಾನ ಯಂತ್ರದ ಲೆಕ್ಕದ ಮೇಲೆ, ನಿಮ್ಮ ಗಿಡ ನೋಡಿ ಅಲ್ಲ. ಬರ ಘೋಷಣೆಗೆ ಕೇಂದ್ರದ 2016ರ ಬರ ಕೈಪಿಡಿಯಲ್ಲೂ ಮಳೆ ಕೊರತೆ, ಸತತ ಮೂರ್ನಾಲ್ಕು ವಾರದ ಒಣ ಹವೆ ಇವೇ ಮೊದಲ ಮೆಟ್ಟಿಲು. ಅಂದರೆ ಪಂಚಾಯಿತಿ ಕಟ್ಟಡದ ಮೇಲಿನ ಆ ಮಾಪಕ ಕೆಟ್ಟು 0 ಬದಲು 18 ತೋರಿಸಿದರೆ ಹೊಡೆತ ಬೀಳೋದು ಇಡೀ ಪಂಚಾಯಿತಿಯ ರೈತರಿಗೆ.

ನಿಮ್ಮ ನೋಟ್‌ಬುಕ್ ಕಾನೂನಿನ ದಾಖಲೆ ಆಗಲ್ಲ, ಆ ಭ್ರಮೆ ಬೇಡ. ಒಬ್ಬರ ಲೆಕ್ಕವನ್ನು ಯಾರೂ ಕೇಳಲ್ಲ. ಆದರೆ ಒಂದೇ ಪಂಚಾಯಿತಿಯ ಹತ್ತು-ಹದಿನೈದು ಹುಡುಗರು ಮೂರು ತಿಂಗಳು ದಿನಾ 8.30ಕ್ಕೆ ಬರೆದ ಲೆಕ್ಕ ಒಂದಕ್ಕೊಂದು ಹೊಂದಿಕೊಂಡು, ಮಾಪಕದ್ದು ಮಾತ್ರ ಬೇರೆ ಇದ್ದರೆ, ರೈತ ಸಂಪರ್ಕ ಕೇಂದ್ರದ ಅಧಿಕಾರಿಯೂ ತಹಶೀಲ್ದಾರರೂ ಮಾಪಕ ಪರಿಶೀಲನೆಗೆ ಬರೆಯಲೇಬೇಕಾಗ್ತದೆ. ಇದಕ್ಕೆ ಹೊಸ ಆ್ಯಪ್ ಬೇಡ, ಊರಿನ ವಾಟ್ಸಾಪ್ ಗ್ರೂಪೇ ಸಾಕು. "ಗುಡ್ ಮಾರ್ನಿಂಗ್" ಫೋಟೊ ಬದಲು ಹೊಲದ ಹೆಸರು, ಮಿ.ಮೀ., ಅಷ್ಟು ಹಾಕಿ. ಆಲಿಕಲ್ಲಿನಂಥ ಹಾನಿ ಆದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು ಅನ್ನೋ ನಿಯಮವನ್ನೂ ಆ ಗ್ರೂಪಿನ ಮೇಲೆ ಪಿನ್ ಮಾಡಿ ಇಡಿ.

ಪಂಚಾಯಿತಿಯಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಮಾಪಕ ಕಳಿಸಿದ ಹಿಂದಿನ ದಿನದ ಮಳೆಯನ್ನು ಪಂಚಾಯಿತಿ ಕಚೇರಿಯ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೀಬೇಕು, ಜೂನ್ 1ರಿಂದ ಒಟ್ಟು ಎಷ್ಟಾಯ್ತು, ಕೊನೆಯ ಮಳೆ ಬಂದು ಎಷ್ಟು ದಿನ ಆಯ್ತು ಅಂತ ಅದರ ಕೆಳಗೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಬರಹದಲ್ಲಿ ಕೊಡಿ, ನಡಾವಳಿ ಪುಸ್ತಕದಲ್ಲಿ ಸೇರಿಸೋ ತನಕ ಏಳಬೇಡಿ. ಅರ್ಜಿಯಲ್ಲಿ ಮಾಪಕ ಇರೋ ಜಾಗ, ಅದರ ಮೇಲೆ ಗಿಡದ ನೆರಳಿದ್ದರೆ ಆ ವಿಷಯ, ಜೊತೆಗೆ ದಿನಾಂಕ ಕಾಣೋ ಒಂದು ಫೋಟೊ ಇರಲಿ.